ವ್ಯಾಯಾಮಶಾಲೆಯ ಕೆ.ವಿ. ಅಯ್ಯರ್

ಯಲಹಂಕವನ್ನು ದಾಟಿ ವಿಮಾನ ನಿಲ್ದಾಣದತ್ತ ಸಾಗಿದರೆ ಭಾರತೀಯ ಕ್ರಿಕೆಟ್ ಮಂಡಳಿಯ ಉತ್ಕೃಷ್ಟತಾ ಕೇಂದ್ರ ಸಿಗುತ್ತದೆ. 2024ರಲ್ಲಿ ಆರಂಭವಾದ ಈ ಕೇಂದ್ರಕ್ಕೆ ಗಾಯಗೊಂಡು ಬರುವ ಆಟಗಾರನ ಜತೆ ಶಸ್ತ್ರವೈದ್ಯರಿಗಿಂತ ಹೆಚ್ಚು ಹೊತ್ತು ಕಳೆಯುವವರು ಫಿಸಿಯೊಥೆರಪಿಸ್ಟರು ಮತ್ತು ತರಬೇತುದಾರರು. ಇತ್ತ ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ಜಿಮ್ ಇಲ್ಲದ ಬಡಾವಣೆಯನ್ನು ಹುಡುಕಿಯೇ ನೋಡಬೇಕು. ದೇಹವನ್ನು ಹದವಾಗಿಡಲು ಕಲಿಸುವುದೂ ಒಂದು ಗೌರವದ ವೃತ್ತಿ, ಅದಕ್ಕೂ ಶುಲ್ಕ ಸಲ್ಲಬೇಕು ಎಂಬುದನ್ನು ಈ ನಗರಕ್ಕೆ ಮನಗಾಣಿಸಿದವರಲ್ಲಿ ಪ್ರೊಫೆಸರ್ ಕೆ.ವಿ. ಅಯ್ಯರ್ ಪ್ರಮುಖರು.

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಕೋಲಾರ ಸೀಮೆಯ ದೇವರಾಯಸಮುದ್ರದಲ್ಲಿ. ಬೆಂಗಳೂರಿನ ಪೇಟೆಗಳಲ್ಲಿ ಆಗ ಗರಡಿಮನೆಗಳಿದ್ದವು. ಗರಡಿಯ ಉಸ್ತಾದರು ಕುಸ್ತಿಯ ಪಟ್ಟುಗಳನ್ನಷ್ಟೇ ಹೇಳಿಕೊಡುತ್ತಿರಲಿಲ್ಲ. ಉಳುಕು ತೆಗೆಯುವುದು, ಎಣ್ಣೆ ನೀವುವುದು ಸಹ ಅವರಿಗೆ ಕರಗತವಾಗಿತ್ತು. ಆದರೆ ಓದಿದ ಮಧ್ಯಮವರ್ಗದ ಮನೆಗಳು ಗರಡಿಯನ್ನು ದೂರವೇ ಇಟ್ಟಿದ್ದವು. ಗುಮಾಸ್ತನೋ ವಕೀಲನೋ ಲಂಗೋಟಿ ಕಟ್ಟಿ ಮಟ್ಟಿಗಿಳಿಯುವುದು ಅವರ ದೃಷ್ಟಿಯಲ್ಲಿ ಶೋಭಿಸುವ ಮಾತಾಗಿರಲಿಲ್ಲ.

ಅಯ್ಯರ್ ಅವರು 1920ರ ದಶಕದಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ತೆರೆದದ್ದು ಇಂಥ ಜನರಿಗಾಗಿ. ಯೂರೋಪಿನ ಪ್ರಖ್ಯಾತ ಬಲಶಾಲಿ ಯೂಜೆನ್ ಸ್ಯಾಂಡೋನ ಭಾರ ಎತ್ತುವ ಪದ್ಧತಿಗೆ ಅವರು ಯೋಗಾಸನ ಮತ್ತು ಸೂರ್ಯನಮಸ್ಕಾರಗಳನ್ನು ಬೆಸೆದರು. ಒಂದು ಮಾಂಸಖಂಡಗಳಿಗೆ, ಇನ್ನೊಂದು ಒಳಗಿನ ಅಂಗಾಂಗಗಳಿಗೆ ಎಂಬುದು ಅವರ ಲೆಕ್ಕ. ಬೆಂಗಳೂರಿನ ವಕೀಲ, ಯೋಗಸಾಧಕ ಸುಂದರಂ ಅವರೊಡನೆ ಸೇರಿ ಪ್ರಾತ್ಯಕ್ಷಿಕೆಗಳನ್ನು ನಡೆಸಿದರು. 1930ರಲ್ಲಿ 'ಮಸಲ್ ಕಲ್ಟ್', 1937ರಲ್ಲಿ 'ಸೂರ್ಯನಮಸ್ಕಾರ್' ಎಂಬ ಇಂಗ್ಲಿಷ್ ಗ್ರಂಥಗಳು ಹೊರಬಂದವು. ಬ್ರಿಟನ್ನಿನ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಅವರ ಭಾವಚಿತ್ರಗಳು ಪ್ರಕಟವಾದವು.

ಅವರ ವ್ಯವಹಾರ ಬುದ್ಧಿ ಎದ್ದು ಕಾಣುವುದು ಅಂಚೆಯ ಮೂಲಕ ಕಲಿಸುವ ಶಿಕ್ಷಣಕ್ರಮದಲ್ಲಿ. ಬೆಂಗಳೂರಿಗೆ ಬರಲಾರದವರಿಗೆ ಪಾಠ ಲಕೋಟೆಯಲ್ಲಿ ತಲುಪುತ್ತಿತ್ತು. ದೇಹವನ್ನು ತಿದ್ದುವ ವಿದ್ಯೆ ಹೀಗೆ ನಗರದ ಎಲ್ಲೆಯನ್ನು ದಾಟಿತು. ಕಾಗದದ ಪಾಠಕ್ಕೆ ಒಂದು ಮಿತಿಯೂ ಉಂಟೆನ್ನಿ: ಬೆನ್ನು ತಪ್ಪಾಗಿ ಬಾಗಿದ್ದನ್ನು ಎದುರಿಗಿರುವ ಗುರು ಕಾಣಬಲ್ಲನೇ ಹೊರತು ಅಂಚೆ ಕಾಣಲಾರದು. ಇಂದಿನ ಮೊಬೈಲ್ ಪಾಠಗಳಿಗೂ ಈ ಮಾತು ಅನ್ವಯಿಸುತ್ತದೆ.

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅಯ್ಯರ್ ಅವರಿಗೆ ಪೋಷಕರಾದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಶಿಷ್ಯ ಅನಂತರಾವ್ ಒಂದು ಶಾಖೆಯನ್ನು ನಡೆಸಿದರು. ಅದೇ ಆವರಣದಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ. ವ್ಯಾಯಾಮಶಾಲೆ ಮತ್ತು ಯೋಗಶಾಲೆ ಎರಡಕ್ಕೂ ಅರಮನೆಯ ಆಶ್ರಯ ದೊರೆತಿತ್ತು ಎಂಬುದು ಗಮನಾರ್ಹ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯನ್ನು ಕಂಡ ಸಂಸ್ಥಾನವು, ಜನ ಆಸ್ಪತ್ರೆ ಸೇರದಂತೆ ನೋಡಿಕೊಳ್ಳುವ ವಿದ್ಯೆಗೂ ಹಣ ವ್ಯಯಿಸಿತು.

ಆ ಹಣ ವ್ಯರ್ಥವಲ್ಲವೆಂಬುದಕ್ಕೆ ಇಂದು ಅಂಕಿಅಂಶಗಳಿವೆ. ದೈಹಿಕ ಚಟುವಟಿಕೆಯ ಕೊರತೆಯಿಂದ 2020ರಿಂದ 2030ರೊಳಗೆ ಸುಮಾರು 50 ಕೋಟಿ ಜನ ಹೃದ್ರೋಗ, ಮಧುಮೇಹ ಮುಂತಾದವುಗಳಿಗೆ ತುತ್ತಾಗಲಿದ್ದು, ಚಿಕಿತ್ಸೆಯ ವೆಚ್ಚ ವರ್ಷಕ್ಕೆ 2,700 ಕೋಟಿ ಡಾಲರ್ ಆಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ನಮ್ಮ ದೇಶದಲ್ಲಿ 2021-22ರಲ್ಲಿಯೂ ಒಟ್ಟು ಆರೋಗ್ಯ ವೆಚ್ಚದ ಶೇ. 39.4ರಷ್ಟು ಜನರ ಜೇಬಿನಿಂದಲೇ ಹೋಯಿತು. ತಪ್ಪಿದ ಕಾಯಿಲೆಗೆ ಯಾರೂ ರಸೀದಿ ಕೊಡುವುದಿಲ್ಲವಾದ್ದರಿಂದ ತರಬೇತುದಾರನ ಪಾಲು ಆಯವ್ಯಯದ ಯಾವ ಕಲಮಿನಲ್ಲೂ ಕಾಣಿಸದು.

ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆ ಬರೀ ಕಬ್ಬಿಣದ ಗುಂಡುಗಳ ಮನೆಯಾಗಿರಲಿಲ್ಲ. ನಾಟಕಕಾರ ಟಿ.ಪಿ. ಕೈಲಾಸಂ ಅಯ್ಯರ್ ಅವರ ಆಪ್ತ ಮಿತ್ರರು. ರವಿ ಕಲಾವಿದರು ತಂಡದ ಹಿಂದೆ ಇದ್ದವರೂ ಅಯ್ಯರ್ ಅವರೇ. ಹೊಯ್ಸಳ ರಾಣಿಯನ್ನು ಕುರಿತ 'ಶಾಂತಲಾ', ಮೈಕೆಲೇಂಜೆಲೊ ಪಾತ್ರವಾಗಿ ಬರುವ 'ರೂಪದರ್ಶಿ' ಕಾದಂಬರಿಗಳು ಅವರಿಗೆ ಸಾಹಿತ್ಯಲೋಕದಲ್ಲಿ ಸ್ಥಾನವಿತ್ತವು. ಅವರು 1980ರಲ್ಲಿ ನಿಧನರಾದರು. 'ಶಾಂತಲಾ' ಓದಿ ಮೆಚ್ಚಿದವರಲ್ಲಿ ಎಷ್ಟೋ ಮಂದಿಗೆ ಅದರ ಕರ್ತೃ ಊರಿನವರಿಗೆ ದಂಡೆ, ಬಸ್ಕಿ ತಿದ್ದುತ್ತಿದ್ದ ಗುರು ಎಂಬುದು ತಿಳಿದಿರಲಿಕ್ಕಿಲ್ಲ.