ಗುಡ್ಡದ ಮೇಲಿನ ಮನೆ

ಅಮೆರಿಕದ ಐದು ಸೆಂಟಿನ ನಾಣ್ಯವೊಂದು ಬಹುಕಾಲದಿಂದ ನನ್ನ ಮೇಜಿನ ಮೇಲಿದೆ. ಅದರ ಒಂದು ಮುಖದಲ್ಲಿ ಥಾಮಸ್ ಜೆಫರ್ಸನ್, ಇನ್ನೊಂದರಲ್ಲಿ ಆತ ಕಟ್ಟಿದ ಮನೆ. ರಾಜ್ಯಗಳು ತಮ್ಮ ನಾಣ್ಯಗಳ ಮೇಲೆ ಸಿಂಹವನ್ನೋ ಕಿರೀಟವನ್ನೋ ಅಚ್ಚು ಹಾಕಿದ್ದುಂಟು. ಒಬ್ಬ ಗೃಹಸ್ಥನ ಮನೆಯನ್ನು ಅಚ್ಚು ಹಾಕಿದ್ದು ನನಗೆ ವಿಚಿತ್ರವೆನಿಸಿತ್ತು. ಆ ದೇಶಕ್ಕೆ ಹೋಗುವ ಯೋಗ ಒದಗಿದಾಗ ಮೊದಲು ನೋಡಬೇಕೆಂದುಕೊಂಡದ್ದು ಆ ಮನೆಯನ್ನೇ.

ಆದರೆ ದಾರಿಯಲ್ಲಿ ಮೊದಲು ಸಿಕ್ಕಿದ್ದು ವಾಷಿಂಗ್ಟನ್ನಿನ ಸ್ಮಾರಕ. ಜೆಫರ್ಸನ್ ಹುಟ್ಟಿ 200 ವರ್ಷವಾದ 1943ರಲ್ಲಿ ಅದರ ಉದ್ಘಾಟನೆಯಾಯಿತು. ಬಿಳಿಯ ಕಂಬಗಳ ನಡುವೆ 19 ಅಡಿ ಎತ್ತರದ ಕಂಚಿನ ವಿಗ್ರಹ; ಭವ್ಯವಾಗಿದೆ, ಸಂದೇಹವಿಲ್ಲ. ಆದರೆ ಕಂಚಿನ ಮನುಷ್ಯ ಎಂದೂ ಸಾಲ ಮಾಡಿದವನಂತೆ ಕಾಣುವುದಿಲ್ಲ.

ವರ್ಜೀನಿಯದ ಷಾರ್ಲಟ್ಸ್‌ವಿಲ್ ಊರಿನ ಪಕ್ಕದ ಗುಡ್ಡದ ಮೇಲೆ ಮಾಂಟಿಚೆಲೊ ಇದೆ. ಇಟಲಿಯ ಭಾಷೆಯಲ್ಲಿ ಪುಟ್ಟ ಬೆಟ್ಟ ಎಂದೇ ಆ ಹೆಸರಿನ ಅರ್ಥ. 1743ರಲ್ಲಿ ಸಮೀಪದ ಷ್ಯಾಡ್‌ವೆಲ್‌ನಲ್ಲಿ ಹುಟ್ಟಿದ ಜೆಫರ್ಸನ್ ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ. ಪಿತ್ರಾರ್ಜಿತ ನೆಲದ ಈ ತಲೆಯನ್ನು 1768ರಲ್ಲಿ ಸಮತಟ್ಟು ಮಾಡಿಸತೊಡಗಿದಾಗ ಆತನಿಗೆ ಇಪ್ಪತ್ತೈದು. ವಾಸ್ತುವಿದ್ಯೆಯನ್ನು ಕಲಿತದ್ದು ಪುಸ್ತಕಗಳಿಂದ. ಕಟ್ಟಿದ, ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದು ಬಂದ ಮೇಲೆ ಕೆಡವಿದ, ಮತ್ತೆ ಕಟ್ಟಿದ. ಕೆಲಸ ಒಂದು ಹದಕ್ಕೆ ಬರುವ ಹೊತ್ತಿಗೆ ನಲವತ್ತು ವರ್ಷ ಕಳೆದಿತ್ತು. 1772ರಲ್ಲಿ ಕೈಹಿಡಿದ ಮಾರ್ಥಾ ಹತ್ತು ವರ್ಷಗಳಲ್ಲಿಯೇ ತೀರಿಹೋದಳು. ಆರು ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ಇಬ್ಬರೇ ಹೆಣ್ಣುಮಕ್ಕಳು. ಆತ ಮರುಮದುವೆಯಾಗಲಿಲ್ಲ.

ಹಜಾರದ ಗಡಿಯಾರದ ಮುಂದೆ ನಾನು ಬಹಳ ಹೊತ್ತು ನಿಂತೆ. ಅದರ ಭಾರದ ಗುಂಡುಗಳು ಗೋಡೆಯ ಮೇಲೆ ಬರೆದ ವಾರಗಳ ಹೆಸರುಗಳ ಪಕ್ಕದಲ್ಲಿ ದಿನದಿನವೂ ಇಳಿಯುತ್ತವೆ. ಏಳು ದಿನಗಳಿಗೆ ಗೋಡೆಯ ಎತ್ತರ ಸಾಲಲಿಲ್ಲವಾಗಿ ನೆಲಕ್ಕೆ ತೂತು ಕೊರೆಸಿದ್ದಾರೆ. ಶನಿವಾರ ಇರುವುದು ನೆಲಮಾಳಿಗೆಯಲ್ಲಿ! ಹೊರಗೋಡೆಯಲ್ಲಿ ಅದೇ ಗಡಿಯಾರದ ಇನ್ನೊಂದು ಮುಖವುಂಟು. ಅದಕ್ಕೆ ಗಂಟೆಯ ಮುಳ್ಳು ಮಾತ್ರ. ಹೊರಗೆ ದುಡಿಯುವವರಿಗೆ ನಿಮಿಷಗಳ ಗೊಡವೆ ಏಕೆ ಎಂದಿರಬಹುದು.

ಪುಸ್ತಕಗಳ ಕತೆಯೂ ಹೇಳತಕ್ಕದ್ದೇ. 1814ರಲ್ಲಿ ಇಂಗ್ಲಿಷ್ ಸೇನೆ ವಾಷಿಂಗ್ಟನ್ನಿಗೆ ಬೆಂಕಿಯಿಟ್ಟಾಗ ಕಾಂಗ್ರೆಸ್ಸಿನ ಗ್ರಂಥಾಲಯ ಸುಟ್ಟುಹೋಯಿತು. ಮರುವರ್ಷ ಜೆಫರ್ಸನ್ ತನ್ನ 6,487 ಸಂಪುಟಗಳನ್ನು 23,950 ಡಾಲರುಗಳಿಗೆ ಕಾಂಗ್ರೆಸ್ಸಿಗೆ ಮಾರಿದ. ಹಣದ ಬಹುಭಾಗ ಸಾಲಗಾರರ ಪಾಲಾಯಿತು. ಆದರೂ ಆತ ಮತ್ತೆ ಪುಸ್ತಕ ಕೊಳ್ಳಲು ತೊಡಗಿದನೆಂದರೆ, ಓದಿನ ಚಟವುಳ್ಳ ಯಾರಿಗೂ ಆಶ್ಚರ್ಯವಾಗಲಾರದು.

ಇಳಿಜಾರಿನಲ್ಲಿ ಆತನ ಸಮಾಧಿಯಿದೆ. ಅದರ ಮೇಲೆ ಏನು ಕೆತ್ತಬೇಕೆಂದು ಆತನೇ ಬರೆದಿಟ್ಟಿದ್ದ. 1776ರ ಸ್ವಾತಂತ್ರ್ಯಘೋಷಣೆಯ ಕರ್ತೃತ್ವ, ವರ್ಜೀನಿಯದ ಮತಸ್ವಾತಂತ್ರ್ಯದ ಶಾಸನ, ವರ್ಜೀನಿಯ ವಿಶ್ವವಿದ್ಯಾನಿಲಯದ ಸ್ಥಾಪನೆ ಇವು ಮೂರೇ. 1801ರಿಂದ 1809ರವರೆಗೆ ಅಧ್ಯಕ್ಷನಾಗಿದ್ದುದಾಗಲಿ, 1803ರಲ್ಲಿ ಲೂಸಿಯಾನವನ್ನು ಕೊಂಡು ದೇಶದ ವಿಸ್ತಾರವನ್ನು ಇಮ್ಮಡಿಗೊಳಿಸಿದ್ದಾಗಲಿ ಅಲ್ಲಿಲ್ಲ. ಉಪಾಧ್ಯಾಯನಾಗಿ ಈ ಸಂಗತಿಯನ್ನು ನಾನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಅಧಿಕಾರಕ್ಕಿಂತ ವಿದ್ಯೆ ದೊಡ್ಡದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿರಲಿಲ್ಲ.

ಅಂದು ಆ ಕಲ್ಲಿನ ಮುಂದೆ ನಿಂತಾಗ ಮಾತ್ರ ನನ್ನ ಪಾಠ ನನಗೇ ಅರೆಬರೆಯೆನಿಸಿತು. ಅದಕ್ಕೆ ಮುಂಚೆ ಮಲ್ಬರಿ ರೋ ಎಂಬ ಸಾಲನ್ನು ನೋಡಿಬಂದಿದ್ದೆ. ಹಿಪ್ಪುನೇರಳೆ ಮರಗಳಿಂದ ಹೆಸರು ಪಡೆದ ಆ ದಾರಿಯಲ್ಲಿ ಗುಲಾಮರ ಗುಡಿಸಲುಗಳೂ ಕೆಲಸದ ಕೊಟ್ಟಿಗೆಗಳೂ ಇದ್ದವು. 1794ರಲ್ಲಿ ಆರಂಭವಾದ ಮೊಳೆಯ ಕಾರ್ಖಾನೆಯಲ್ಲಿ ಹತ್ತರಿಂದ ಹದಿನಾರು ವರ್ಷದ ಹುಡುಗರು ಸುತ್ತಿಗೆ ಹಿಡಿದು ಮೊಳೆ ಬಡಿಯುತ್ತಿದ್ದರು. ನನ್ನ ತರಗತಿಯ ಹುಡುಗರ ವಯಸ್ಸು. ಎಲ್ಲ ಮನುಷ್ಯರೂ ಸಮಾನರೆಂದು ಬರೆದಾತ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯ ಒಡೆಯನಾಗಿದ್ದ. ಗುಲಾಮರ ಆಮದನ್ನು ನಿಷೇಧಿಸುವ ಕಾನೂನಿಗೆ 1807ರಲ್ಲಿ ರುಜು ಹಾಕಿದವನೂ ಆತನೇ. ತನ್ನವರಲ್ಲಿ ಬಿಡುಗಡೆ ಮಾಡಿದ್ದು ಬದುಕಿರುವಾಗ ಇಬ್ಬರನ್ನು, ಉಯಿಲಿನಲ್ಲಿ ಐವರನ್ನು. ಪತ್ನಿಯ ಮಲಸೋದರಿಯಾಗಿದ್ದ ಸ್ಯಾಲಿ ಹೆಮಿಂಗ್ಸ್ ಎಂಬ ಗುಲಾಮ ಸ್ತ್ರೀಯಲ್ಲಿ ಆತನಿಗೆ ಮಕ್ಕಳಾದರೆಂಬುದನ್ನು, 1998ರ ರಕ್ತಪರೀಕ್ಷೆಯ ತರುವಾಯ, ಬಹುಪಾಲು ಇತಿಹಾಸಕಾರರು ಒಪ್ಪಿದ್ದಾರೆ. ಆಕೆಗೆ ಮೀಸಲಾದ ಒಂದು ಕೋಣೆಯೂ 2018ರಿಂದ ಆ ಮನೆಯಲ್ಲಿದೆ.

ಘೋಷಣೆಯ ಐವತ್ತನೆಯ ವರ್ಷ, 1826ರ ಜುಲೈ 4ರಂದು, ಜೆಫರ್ಸನ್ ಕಣ್ಮುಚ್ಚಿದ. ಹಳೆಯ ಸ್ನೇಹಿತನೂ ಪ್ರತಿಸ್ಪರ್ಧಿಯೂ ಆಗಿದ್ದ ಜಾನ್ ಆಡಮ್ಸ್ ತೀರಿಕೊಂಡದ್ದೂ ಅದೇ ದಿನ. ಉಳಿದದ್ದು ಲಕ್ಷ ಡಾಲರುಗಳನ್ನು ಮೀರಿದ ಸಾಲ. 1827ರ ಜನವರಿಯ ಚಳಿಯಲ್ಲಿ ಮನೆಯ ಸಾಮಾನುಗಳೊಡನೆ 130 ಮಂದಿ ಗುಲಾಮರನ್ನೂ ಹರಾಜಿಗೆ ಇಡಲಾಯಿತು. ಕಮ್ಮಾರ ಜೋಸೆಫ್ ಫಾಸೆಟ್‌ಗೆ ಉಯಿಲು ಬಿಡುಗಡೆ ನೀಡಿತ್ತು. ಅಡಿಗೆಯ ಕೆಲಸದ ಹೆಂಡತಿ ಈಡಿತ್‌ಗೂ ಮಕ್ಕಳಿಗೂ ನೀಡಿರಲಿಲ್ಲ. ಅವರು ಬೇರೆ ಬೇರೆಯವರ ಪಾಲಾದರು. ಆತ ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಕೊಂಡು ಬಿಡಿಸಿಕೊಂಡ. ಹನ್ನೊಂದು ವರ್ಷದ ಪೀಟರ್‌ನನ್ನು ಬಿಡಿಸುವುದು ಮಾತ್ರ ಆಗಲಿಲ್ಲ. ಅವನಿಗೆ ಸ್ವಾತಂತ್ರ್ಯ ಸಿಕ್ಕಿದ್ದು 1850ರ ಸುಮಾರಿಗೆ.

ಈ ಪೀಟರ್ ಫಾಸೆಟ್ ಮುಂದೆ ಸಿನ್ಸಿನಾಟಿಯಲ್ಲಿ ಧರ್ಮಬೋಧಕನಾದ. ತನ್ನ ಇಳಿವಯಸ್ಸಿನಲ್ಲಿ, 1900ರಲ್ಲಿ, ಹುಟ್ಟಿದ ಗುಡ್ಡವನ್ನು ಮತ್ತೊಮ್ಮೆ ಹತ್ತಿ ಆ ಮನೆಯನ್ನು ನೋಡಿಹೋದ. ಮಾರನೆಯ ವರ್ಷ ತೀರಿಕೊಂಡ. ನಾಣ್ಯ ಈಗಲೂ ನನ್ನ ಮೇಜಿನ ಮೇಲಿದೆ. ಸಮಾಧಿಯ ಕತೆಯನ್ನು ಈಗಲೂ ತರಗತಿಯಲ್ಲಿ ಹೇಳುತ್ತೇನೆ. ಅದು ಮುಗಿದ ಮೇಲೆ ಪೀಟರನ ಕತೆಯನ್ನೂ ಹೇಳುತ್ತೇನೆ.