ಮೂರು ದೇಶಗಳ ಅಂಗಿ ತೊಟ್ಟ ಬಿಟ್ಸಾನ್

2021ರ ಜನವರಿ 20ರಂದು ಇಟಲಿಯ ಸೂಪರ್ ಕಪ್ ಪಂದ್ಯದಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಒಂದು ಗೋಲು ಹೊಡೆದರು. ಅದು ಅವರ 760ನೆಯ ಗೋಲು. 759 ಗೋಲುಗಳ ಹಳೆಯ ವಿಶ್ವದಾಖಲೆ ಅದರೊಂದಿಗೆ ಅಳಿಯಿತು ಎಂದು ಹಲವು ಪತ್ರಿಕೆಗಳು ಬರೆದವು. ಸ್ವಲ್ಪ ದಿನಗಳಲ್ಲೇ ಜೆಕ್ ಫುಟ್‌ಬಾಲ್ ಸಂಸ್ಥೆ ಇದಕ್ಕೆ ಆಕ್ಷೇಪ ಎತ್ತಿತು. ತನ್ನ ಲೆಕ್ಕದಂತೆ ಹಳೆಯ ದಾಖಲೆ 821 ಗೋಲುಗಳದ್ದು ಎಂಬುದು ಅದರ ವಾದ. ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾ ಅದಕ್ಕೂ ಮುಂಚೆ 805 ಎಂಬ ಅಂಕಿಯನ್ನು ಉಲ್ಲೇಖಿಸಿತ್ತು. ಮೂರೂ ಅಂಕಿಗಳು ಒಬ್ಬನೇ ಆಟಗಾರನಿಗೆ ಸೇರಿದವು. ಅವರ ಹೆಸರು ಯೋಸೆಫ್ ಬಿಟ್ಸಾನ್. ಇಂಗ್ಲಿಷ್ ವೀಕ್ಷಕ ವಿವರಣೆಕಾರರು ಅವರನ್ನು ಬೈಕನ್ ಮಾಡಿಬಿಟ್ಟದ್ದೂ ಉಂಟು.

ಸರ್ಕಾರಿ ಸೇವೆಯಲ್ಲಿ ಬಹುಕಾಲ ಅಂಕಿ-ಅಂಶಗಳ ನಡುವೆ ಕಳೆದ ನನಗೆ ಈ ಜಗಳ ಅಚ್ಚರಿ ತರಲಿಲ್ಲ. ಯಾವುದನ್ನು ಎಣಿಸಬೇಕು ಎಂಬುದು ತೀರ್ಮಾನವಾಗದೆ ಎಷ್ಟು ಎಂಬುದು ಇತ್ಯರ್ಥವಾಗದು. ಮೀಸಲು ತಂಡದ ಪರವಾಗಿ ಹೊಡೆದ ಗೋಲು ಸೇರುತ್ತದೆಯೇ? ಎರಡನೆಯ ದರ್ಜೆಯ ಲೀಗ್‌ನದು? ಪರಕೀಯರ ಆಕ್ರಮಣಕ್ಕೆ ಒಳಗಾಗಿದ್ದ ನಾಡಿನ ಲೀಗ್‌ನದು? ಬಿಟ್ಸಾನ್ ಅವರ ವಿಷಯದಲ್ಲಿ ಪ್ರತಿ ಪ್ರಶ್ನೆಯ ಹಿಂದೆಯೂ ಮಧ್ಯ ಯುರೋಪಿನ ಚರಿತ್ರೆಯ ಒಂದೊಂದು ಪುಟ ಇದೆ. ಜೆಕ್ ಕ್ಲಬ್‌ಗಳ ಆಟವನ್ನು ನಿವೃತ್ತಿಯ ನಂತರ ಆಸಕ್ತಿಯಿಂದ ಗಮನಿಸುತ್ತ ಬಂದಿರುವ ನಾನು ಆ ಪುಟಗಳನ್ನು ಓದಿಕೊಂಡದ್ದು ಈ ಅಂಕಿಗಳ ಬೆನ್ನು ಹತ್ತಿಯೇ.

ಬಿಟ್ಸಾನ್ ಹುಟ್ಟಿದ್ದು 1913ರ ಸೆಪ್ಟೆಂಬರ್ 25ರಂದು, ವಿಯೆನ್ನಾದಲ್ಲಿ. ತಂದೆ ತಾಯಿ ಜೆಕ್ ಮೂಲದವರು. ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಆ ರಾಜಧಾನಿಗೆ ಬೊಹೀಮಿಯ, ಮೊರಾವಿಯಗಳಿಂದ ಕೂಲಿ ಅರಸಿ ಬಂದವರ ಸಂಖ್ಯೆ ದೊಡ್ಡದು. ಇಟ್ಟಿಗೆ ಗೂಡುಗಳಲ್ಲಿ, ಅಡುಗೆಮನೆಗಳಲ್ಲಿ, ದರ್ಜಿ ಅಂಗಡಿಗಳಲ್ಲಿ ದುಡಿದವರು ಅವರೇ. ಬಿಟ್ಸಾನ್ ಬೆಳೆದ ಫಾವೊರಿಟೆನ್ ಅಂಥವರ ಬಡಾವಣೆ. ಅವರ ತಂದೆಯೂ ಫುಟ್‌ಬಾಲ್ ಆಟಗಾರ. ಮೊದಲನೆಯ ಮಹಾಯುದ್ಧದಿಂದ ಜೀವಂತ ಮರಳಿದ ಆತ ಪಂದ್ಯವೊಂದರಲ್ಲಿ ಆದ ಪೆಟ್ಟಿಗೆ ಶಸ್ತ್ರಚಿಕಿತ್ಸೆ ಒಲ್ಲೆನೆಂದು 1921ರಲ್ಲಿ ತೀರಿಕೊಂಡರು. ವಯಸ್ಸು ಮೂವತ್ತು. ತಾಯಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಮಕ್ಕಳನ್ನು ಸಾಕಿದರು. ಬೂಟು ಕೊಳ್ಳಲು ಕಾಸಿಲ್ಲದೆ ಬಾಲಕ ಬರಿಗಾಲಲ್ಲಿ ಆಡಿದ. ಚೆಂಡಿನ ಮೇಲೆ ಅಸಾಧಾರಣ ಹಿಡಿತ ಬಂದದ್ದು ಅದರಿಂದಲೇ ಎಂದು ಮುಂದೆ ಅವರು ನಂಬಿದ್ದರು. ತಂದೆ ಆಡಿದ್ದ ಹರ್ತಾ ಕ್ಲಬ್ಬಿನ ಕಿರಿಯರ ತಂಡದಲ್ಲಿ ಗೋಲಿಗೊಂದು ಷಿಲ್ಲಿಂಗ್ ಇನಾಮು ಸಿಗುತ್ತಿತ್ತಂತೆ. ಆ ಮನೆಗೆ ಅದು ಊಟದ ಹಣ.

1931ರಲ್ಲಿ ರಾಪಿಡ್ ವಿಯೆನ್ನಾ, 1935ರಲ್ಲಿ ಅದ್ಮಿರಾ. ಇವೆರಡರ ನಡುವೆ 1934ರ ವಿಶ್ವಕಪ್ ಬಂತು. ಇಪ್ಪತ್ತರ ಹರೆಯದ ಬಿಟ್ಸಾನ್ ಆಸ್ಟ್ರಿಯಾದ ಪರ ಆಡಿ ಫ್ರಾನ್ಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಆಸ್ಟ್ರಿಯಾ ಇಟಲಿಗೆ 1-0ಯಿಂದ ಮಣಿಯಿತು. ಫೈನಲ್‌ನಲ್ಲಿ ಇಟಲಿಯ ಎದುರು ನಿಂತದ್ದು ಜೆಕೊಸ್ಲೊವಾಕಿಯಾ. ಅದರ ನಾಯಕ ಪ್ರಾಗ್‌ನ ಸ್ಲಾವಿಯಾ ಕ್ಲಬ್ಬಿನ ಗೋಲ್‌ಕೀಪರ್ ಫ್ರಾಂಟಿಷೆಕ್ ಪ್ಲಾನಿಚ್ಕಾ. ಬಿಟ್ಸಾನ್ ಅದೇ ಸ್ಲಾವಿಯಾ ಸೇರಿದ್ದು 1937ರಲ್ಲಿ.

ವಿಯೆನ್ನಾದಿಂದ ಪ್ರಾಗ್‌ಗೆ ಅವರು ಹೊರಟದ್ದನ್ನು ಬರೀ ರಕ್ತದ ಸೆಳೆತವೆಂದು ಬಗೆದರೆ ಅರ್ಧ ಸತ್ಯ. ಆಸ್ಟ್ರಿಯಾ 1924ರಲ್ಲಿ, ಜೆಕೊಸ್ಲೊವಾಕಿಯಾ 1925ರಲ್ಲಿ ವೃತ್ತಿಪರ ಲೀಗ್ ಆರಂಭಿಸಿದ್ದವು. ಆಟಗಾರರಿಗೆ ಸಂಬಳ ಕೊಡಬೇಕಾದರೆ ಗೇಟಿನ ಹಣ ಹೆಚ್ಚಬೇಕು. ಸಣ್ಣ ದೇಶದ ಸಣ್ಣ ಲೀಗ್ ಅಷ್ಟನ್ನು ಗಳಿಸಿಕೊಡದು. ಆಸ್ಟ್ರಿಯಾದ ಹ್ಯೂಗೊ ಮೈಸ್ಲ್ ಅವರ ಯತ್ನದಿಂದ 1927ರಲ್ಲಿ ಹುಟ್ಟಿದ ಮಿತ್ರೋಪಾ ಕಪ್ ಈ ಲೆಕ್ಕಾಚಾರದ ಕೂಸು. ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್‌ಗಳ ಕ್ಲಬ್‌ಗಳು, ಮುಂದೆ ಇಟಲಿಯವು, ಬೇಸಿಗೆಯಲ್ಲಿ ಪರಸ್ಪರ ಸೆಣಸಿ ಸ್ವದೇಶದ ಋತುವಿನಲ್ಲಿ ಸಾಲದ ಹಣವನ್ನು ಸಂಪಾದಿಸುತ್ತಿದ್ದವು. ಇಂದಿನ ಚಾಂಪಿಯನ್ಸ್ ಲೀಗ್‌ನ ಅರ್ಥಶಾಸ್ತ್ರವೂ ಇದೇ, ಮೊತ್ತ ಮಾತ್ರ ಬೇರೆ. ಪ್ರಾಗ್‌ನ ಸ್ಪಾರ್ಟಾ ಆ ಕಪ್ಪನ್ನು 1927ರಲ್ಲೂ 1935ರಲ್ಲೂ ಗೆದ್ದಿತ್ತು. ಲೆಟ್ನಾ ಗುಡ್ಡದ ಮೇಲೆ ಅದರ ನೆರೆಯಲ್ಲೇ ಮೈದಾನ ಹೊಂದಿದ್ದ ಸ್ಲಾವಿಯಾಕ್ಕೆ ಒಮ್ಮೆಯೂ ದಕ್ಕಿರಲಿಲ್ಲ. ಆ ಕೊರಗಿಗೆ ಮದ್ದಾಗಿ ಬಂದವರು ಬಿಟ್ಸಾನ್.

1937-38ರ ಋತುವಿನಲ್ಲಿ ಲೀಗ್ ಪ್ರಶಸ್ತಿ ಸ್ಪಾರ್ಟಾದ ಪಾಲಾಯಿತು. ಅತಿ ಹೆಚ್ಚು ಗೋಲು ಹೊಡೆದವರು ಮಾತ್ರ 22 ಗೋಲುಗಳ ಬಿಟ್ಸಾನ್. ಜೂನ್‌ನಲ್ಲಿ ಫ್ರಾನ್ಸ್‌ನಲ್ಲಿ ವಿಶ್ವಕಪ್ ನಡೆದಾಗ ಅವರು ಜೆಕೊಸ್ಲೊವಾಕಿಯಾದ ಪರ ಆಡಲು ಸಿದ್ಧರಿದ್ದರು. ಆದರೆ ಪೌರತ್ವದ ಕಾಗದಪತ್ರದಲ್ಲಿ ಗುಮಾಸ್ತಿಕೆಯ ದೋಷವೊಂದು ನುಸುಳಿ ಅದು ಸಕಾಲಕ್ಕೆ ಸಿದ್ಧವಾಗಲಿಲ್ಲ. ಬೋರ್ಡೊ ನಗರದಲ್ಲಿ ಬ್ರೆಜಿಲ್ ಎದುರಿನ ಕ್ರೂರ ಪಂದ್ಯದಲ್ಲಿ ಪ್ಲಾನಿಚ್ಕಾರ ತೋಳು, ನೆಯೆಡ್ಲಿಯವರ ಕಾಲು ಮುರಿದವು. ಎರಡು ದಿನಗಳ ನಂತರದ ಮರುಪಂದ್ಯದಲ್ಲಿ ತಂಡ 2-1ರಿಂದ ಸೋತು ಮನೆಗೆ ಮರಳಿತು. ಯುರೋಪಿನ ಅತಿ ಹರಿತವಾದ ಮುನ್ನಡೆ ಆಟಗಾರ ಆ ಹೊತ್ತಿನಲ್ಲಿ ಒಂದು ಕಡತದ ದೆಸೆಯಿಂದ ಪ್ರಾಗ್‌ನಲ್ಲಿ ಉಳಿದಿದ್ದರು. ಕಡತಗಳ ಜೊತೆ ಬಾಳಿದವರಿಗೆ ಇದು ಇತಿಹಾಸದ ಅಡಿಟಿಪ್ಪಣಿಯಾಗಿ ಕಾಣುವುದಿಲ್ಲ. ಕಡತದ ಮೇಲಿನ ಧೂಳಿಗೆ ಪಂದ್ಯದ ವೇಳಾಪಟ್ಟಿ ತಿಳಿಯದು.

ಮಿತ್ರೋಪಾ ಕಪ್ ಶುರುವಾಗುವ ವೇಳೆಗೆ ವಿಯೆನ್ನಾದ ಕ್ಲಬ್‌ಗಳು ಅದರಲ್ಲಿ ಇರಲಿಲ್ಲ. ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ್ದ. ಸ್ಲಾವಿಯಾ ಮೊದಲು ಬೆಲ್‌ಗ್ರೇಡ್‌ನ ಬಿ.ಎಸ್.ಕೆ. ತಂಡವನ್ನು ದಾಟಿತು. ಮುಂದಿನ ಎದುರಾಳಿ ಆಗಷ್ಟೇ ಇಟಲಿಯ ಲೀಗ್ ಗೆದ್ದಿದ್ದ ಅಂಬ್ರೊಸಿಯಾನಾ. ಇಂದು ನಾವು ಇಂಟರ್ ಮಿಲಾನ್ ಎನ್ನುವ ಕ್ಲಬ್ಬೇ ಅದು. ಅಂತರರಾಷ್ಟ್ರೀಯ ಎಂಬರ್ಥದ ಹೆಸರನ್ನು ಸಹಿಸದ ಫ್ಯಾಸಿಸ್ಟ್ ಆಡಳಿತ ಅದಕ್ಕೆ ಬೇರೆ ಹೆಸರು ಅಂಟಿಸಿತ್ತು. ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಮೆಯಾತ್ಸಾ ಅವರ ಕ್ಲಬ್ ಕೂಡ ಅದೇ. ವಿಶ್ವಕಪ್ ಮುಗಿದ ಕೆಲವೇ ವಾರಗಳಲ್ಲಿ ಪ್ರಾಗ್‌ನಲ್ಲಿ ಸ್ಲಾವಿಯಾ ಅದನ್ನು 9-0ಯಿಂದ ಸದೆಬಡಿಯಿತು. ಮಿಲಾನ್‌ನಲ್ಲಿ 3-1ರಿಂದ ಸೋತದ್ದು ಲೆಕ್ಕಕ್ಕೆ ಬರಲಿಲ್ಲ. ಸೆಮಿಫೈನಲ್‌ನಲ್ಲಿ ಜಿನೋವಾದಲ್ಲಿ 4-2ರ ಸೋಲು. ಪ್ರಾಗ್‌ನಲ್ಲಿ 4-0ಯ ಗೆಲುವು.

ಫೈನಲ್ ಬುಡಾಪೆಸ್ಟ್‌ನ ಫೆರೆಂಕ್‌ವಾರೋಷ್ ವಿರುದ್ಧ. ಸೆಪ್ಟೆಂಬರ್ 4ರಂದು ಪ್ರಾಗ್‌ನಲ್ಲಿ ಪಂದ್ಯ 2-2ರಿಂದ ಸಮವಾಯಿತು. ಒಂದು ವಾರದ ನಂತರ, 11ರಂದು, ಬುಡಾಪೆಸ್ಟ್‌ನಲ್ಲಿ ಸ್ಲಾವಿಯಾ 2-0ಯಿಂದ ಗೆದ್ದು ಕಪ್ ಎತ್ತಿತು. ಹತ್ತು ಗೋಲುಗಳೊಂದಿಗೆ ಬಿಟ್ಸಾನ್ ಆ ಪಂದ್ಯಾವಳಿಯ ಅಗ್ರ ಆಟಗಾರ. ಮರುದಿನ, 12ರ ಸಂಜೆ, ಹಿಟ್ಲರ್ ನ್ಯೂರೆಂಬರ್ಗ್‌ನಲ್ಲಿ ಜೆಕೊಸ್ಲೊವಾಕಿಯಾದ ಮೇಲೆ ಹರಿಹಾಯ್ದ. ತಿಂಗಳ ಕೊನೆಯಲ್ಲಿ ಮ್ಯೂನಿಕ್ ಒಪ್ಪಂದವಾಯಿತು. ಗಡಿಪ್ರಾಂತ್ಯಗಳು ಜರ್ಮನಿಯ ವಶವಾದವು. ನವೆಂಬರ್‌ನಲ್ಲಿ ಸ್ಲೊವಾಕಿಯಾದ ದಕ್ಷಿಣ ಭಾಗ ಹಂಗೇರಿಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಕಪ್ ಗೆದ್ದ ಕ್ಲಬ್ಬಿನ ದೇಶ, ಸೋತ ಕ್ಲಬ್ಬಿನ ದೇಶಕ್ಕೆ ಎರಡು ತಿಂಗಳಲ್ಲಿ ನೆಲ ಬಿಟ್ಟುಕೊಟ್ಟಿತ್ತು.

1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ಹೊಕ್ಕಿತು. ಬೊಹೀಮಿಯ-ಮೊರಾವಿಯ ಎಂಬ ಅಧೀನ ರಾಜ್ಯದ ಹೆಸರಿನಲ್ಲಿ ತಂಡವೊಂದು ನವೆಂಬರ್ 12ರಂದು ಬ್ರೆಸ್ಲಾವ್‌ನಲ್ಲಿ ಜರ್ಮನಿಯ ಎದುರು ಆಡಿ 4-4ರ ಸಮಬಲ ಸಾಧಿಸಿತು. ಅದರಲ್ಲಿ ಮೂರು ಗೋಲು ಬಿಟ್ಸಾನ್ ಅವರವು. ಐದು ದಿನಗಳ ನಂತರ ಆಕ್ರಮಣಕಾರರು ಜೆಕ್ ವಿಶ್ವವಿದ್ಯಾಲಯಗಳಿಗೆ ಬೀಗ ಜಡಿದರು. ಆಸ್ಟ್ರಿಯಾ, ಜೆಕೊಸ್ಲೊವಾಕಿಯಾ, ನಂತರ ಈ ಅರೆದೇಶ: ಹೀಗೆ ಒಬ್ಬ ಆಟಗಾರ ಮೂರು ರಾಷ್ಟ್ರಗಳ ಅಂಗಿ ತೊಟ್ಟ. ಇಂದಿನ ಪೌರತ್ವ ಬದಲಾವಣೆಗಳಂತೆ ಇದು ಆಯ್ಕೆಯಾಗಿರಲಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ಅವರು ಸರಿದರು. ಮೂರನೆಯದು ಅವರ ಮೇಲೆ ಬಂದು ಬಿತ್ತು.

ಲೀಗ್ ಮಾತ್ರ ನಡೆಯಿತು. 1940ರಿಂದ 1943ರವರೆಗೆ ಸತತ ನಾಲ್ಕು ವರ್ಷ ಸ್ಲಾವಿಯಾ ಚಾಂಪಿಯನ್. 1939-40ರಲ್ಲಿ ಬಿಟ್ಸಾನ್ 50 ಗೋಲು ಹೊಡೆದರು; 1943-44ರಲ್ಲಿ 57. ಇವೇ ಇಂದು ಅತಿ ಹೆಚ್ಚು ಶಂಕೆಗೆ ಗುರಿಯಾದ ಗೋಲುಗಳು. ಸ್ಲೊವಾಕ್ ತಂಡಗಳಿಲ್ಲದ, ವಿದೇಶಿ ಸ್ಪರ್ಧೆಯಿಲ್ಲದ ಲೀಗ್‌ನ ಮಟ್ಟ ಇಳಿದಿತ್ತು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಬಿಟ್ಸಾನ್ ಇಟಲಿಯ ಚಾಂಪಿಯನ್ನರ ಎದುರು, ಹಂಗೇರಿಯವರ ಎದುರು ಏನು ಮಾಡಿದ್ದರೆಂಬುದು 1938ರಲ್ಲೇ ದಾಖಲಾಗಿದೆ. ಮಿತ್ರೋಪಾ ಕಪ್ ನಿಂತುಹೋದದ್ದರಿಂದ ಅವರಿಂದ ಕಳೆದುಹೋದ ಗೋಲುಗಳನ್ನು ಯಾವ ಸಂಸ್ಥೆಯೂ ಎಣಿಸಿಲ್ಲ. 1944-45ರ ಲೀಗ್ ನಡೆಯಲೇ ಇಲ್ಲ. 1945ರ ಮೇ ತಿಂಗಳ ದಂಗೆಯಲ್ಲಿ ಲೆಟ್ನಾದ ಸ್ಲಾವಿಯಾ ಕ್ರೀಡಾಂಗಣ ಬೆಂಕಿಗೆ ಆಹುತಿಯಾಯಿತು.

1947ರಲ್ಲಿ ಸ್ಲಾವಿಯಾ ಮತ್ತೆ ಚಾಂಪಿಯನ್. ಯುದ್ಧಾನಂತರ ಇಟಲಿಯ ಯುವೆಂಟಸ್ ಕರೆದರೂ ಬಿಟ್ಸಾನ್ ಹೋಗಲಿಲ್ಲ; ಅಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾರು ಎಂಬ ಅಂಜಿಕೆಯಂತೆ. 1948ರ ಫೆಬ್ರವರಿಯಲ್ಲಿ ಅಧಿಕಾರ ಹಿಡಿದದ್ದು ಪ್ರಾಗ್‌ನ ಕಮ್ಯುನಿಸ್ಟರು. ಅವರ ಪಕ್ಷ ಸೇರಲು ಬಿಟ್ಸಾನ್ ಒಪ್ಪಲಿಲ್ಲ. ಸ್ಲಾವಿಯಾ ಬೂರ್ಜ್ವಾ ಕ್ಲಬ್ ಎಂಬ ಹಣೆಪಟ್ಟಿ ಹೊತ್ತಿತು. 1953ರ ಹೊತ್ತಿಗೆ ಅದರ ಹೆಸರು ಡೈನಮೋ ಎಂದಾಗಿತ್ತು. ಬಿಟ್ಸಾನ್ ಕಾರ್ಮಿಕರ ತಂಡದಲ್ಲಿ ಆಡಿದರೆ ತನ್ನ ಮೇಲಿನ ಕಣ್ಣು ತಪ್ಪೀತೆಂದು ವೀಟ್ಕೊವಿತ್ಸೆ ಉಕ್ಕಿನ ಕಾರ್ಖಾನೆಯ ತಂಡ ಸೇರಿದರು. 1950ರಲ್ಲಿ, ಮೂವತ್ತೇಳರ ಅಂಚಿನಲ್ಲಿ, ಮತ್ತೆ 22 ಗೋಲುಗಳೊಂದಿಗೆ ಲೀಗ್‌ನ ಅಗ್ರಸ್ಥಾನ ಅವರದೇ. ಆಮೇಲೆ ಹ್ರಾಡೆಟ್ಸ್ ಕ್ರಾಲೊವೆ ಎಂಬ ಊರಿನ ತಂಡ. 1953ರ ಮೇ ದಿನದ ಮೆರವಣಿಗೆಯಲ್ಲಿ ಅಲ್ಲಿಯ ಜನ ಹೊಸ ಅಧ್ಯಕ್ಷ ಝಾಪೊಟೊಟ್ಸ್ಕಿಗೆ ಜೈಕಾರ ಹಾಕುವ ಬದಲು ಬಿಟ್ಸಾನ್‌ಗೆ ಹಾಕಿದರು. ತಕ್ಷಣ ಊರು ಬಿಡುವಂತೆ ಅವರಿಗೆ ತಾಕೀತಾಯಿತು. ಒಬ್ಬ ಆಟಗಾರನ ಜನಪ್ರಿಯತೆಗೆ ಹೆದರುವ ಸರ್ಕಾರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಬಹಳಷ್ಟಿದೆ.

ಹೆಸರು ಕಳೆದುಕೊಂಡ ಹಳೆಯ ಕ್ಲಬ್ಬಿಗೇ ಮರಳಿ 1955ರಲ್ಲಿ, 42ರ ವಯಸ್ಸಿನಲ್ಲಿ, ಆಟ ನಿಲ್ಲಿಸಿದರು. ಮುಂದಿನ ವರ್ಷಗಳಲ್ಲಿ ತರಬೇತಿಯ ಜೊತೆಗೆ ಮೈಮುರಿಯುವ ಕೂಲಿಯನ್ನೂ ಮಾಡಬೇಕಾಯಿತು. 1960ರ ದಶಕದ ಕೊನೆಯಲ್ಲಿ ಬೆಲ್ಜಿಯಂನ ಟೊಂಗರೆನ್ ಕ್ಲಬ್ಬಿನ ತರಬೇತುದಾರರಾಗಿ ಕೆಲವು ವರ್ಷ ನೆಮ್ಮದಿ ಕಂಡರು. ಅಧಿಕೃತ ಪತ್ರಿಕೆಗಳಲ್ಲಿ ಹೆಸರು ಮಸುಕಾದ ಆ ದಶಕಗಳಲ್ಲಿ ಅವರ ಗೋಲುಗಳನ್ನು ಲೆಕ್ಕ ಹಾಕುವ ಉತ್ಸಾಹ ಯಾರಿಗೂ ಇದ್ದಂತಿಲ್ಲ. 759, 805, 821ರ ಗೊಂದಲದ ಒಂದು ಬೇರು ಇಲ್ಲಿಯೂ ಇದೆ ಎಂಬುದು ನನ್ನ ಎಣಿಕೆ.

1965ರಲ್ಲಿ ಕ್ಲಬ್ಬಿಗೆ ಸ್ಲಾವಿಯಾ ಎಂಬ ಹೆಸರು ಮರಳಿತು. ಲೀಗ್ ಪ್ರಶಸ್ತಿ ಮರಳಲು ಮಾತ್ರ 1996ರವರೆಗೆ ಕಾಯಬೇಕಾಯಿತು. 1947ರಲ್ಲಿ ಗೆದ್ದ ತಂಡದ ಬಿಟ್ಸಾನ್ ಅದನ್ನು ಕಾಣಲು ಬದುಕಿದ್ದರು, ಅವರಿಗಾಗ 82. ಪ್ರಾಗ್‌ನಲ್ಲಿ 2001ರ ಡಿಸೆಂಬರ್ 12ರಂದು ತೀರಿಕೊಂಡರು. ಜೆಕ್ ನಾಡಿನ ಸಂಗೀತಗಾರರು, ಸಾಹಿತಿಗಳು ಮಲಗಿರುವ ವಿಶೆಹ್ರಾಡ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.