ರಾಶಿ ಮತ್ತು ಅವರ ಕೊರವಂಜಿ

ಹೊಸಗನ್ನಡ ಸಾಹಿತ್ಯದ ಚರಿತ್ರೆಗಳು ಕವಿಗಳಿಗೂ ಕಾದಂಬರಿಕಾರರಿಗೂ ಅಧ್ಯಾಯಗಳನ್ನು ಮೀಸಲಿಡುತ್ತವೆ; ಪತ್ರಿಕೆಯ ಸಂಪಾದಕರನ್ನು ಅಡಿಟಿಪ್ಪಣಿಗಳಲ್ಲಿ ಸ್ಮರಿಸಿ ಮುಂದೆ ಸಾಗುತ್ತವೆ. ಹಾಸ್ಯಪತ್ರಿಕೆಯ ಸಂಪಾದಕನಿಗೆ ದೊರೆಯುವ ಸ್ಥಳವಂತೂ ಇನ್ನೂ ಕಿರಿದು. ‘ರಾಶಿ’ ಎಂಬ ಹೆಸರಿನಿಂದ ಕನ್ನಡಿಗರ ಮನೆಮಾತಾಗಿದ್ದ ಡಾ. ಎಂ. ಶಿವರಾಂ (1905-1984) ಅವರನ್ನು ಈ ಅಳತೆಗೋಲಿನಿಂದ ಅಳೆಯಲು ಹೊರಟರೆ ಅವರ ಸಾಧನೆಯ ಬಹುಭಾಗ ಅಳತೆಗೆ ಸಿಗದೆ ಉಳಿದುಬಿಡುತ್ತದೆ. ಅವರು ಪುಸ್ತಕಗಳನ್ನು ಬರೆದರು, ಪ್ರಶಸ್ತಿಯನ್ನೂ ಪಡೆದರು. ಆದರೆ ಅವರ ಮುಖ್ಯ ಕೃತಿ ಯಾವುದೆಂಬ ಪ್ರಶ್ನೆಗೆ ಉತ್ತರವಾಗಿ 1942ರಿಂದ 1967ರವರೆಗೆ ಬೆಂಗಳೂರಿನಿಂದ ಹೊರಬಂದ ‘ಕೊರವಂಜಿ’ ಮಾಸಪತ್ರಿಕೆಯನ್ನೇ ತೋರಿಸಬೇಕಾಗುತ್ತದೆ. ಹಲವರ ಲೇಖನಿಯಿಂದ ಮೂಡಿದ ಪುಟಗಳಿಗೆ ಒಬ್ಬನನ್ನು ಕರ್ತೃವೆನ್ನಬಹುದೇ ಎಂಬುದು ಅವರ ಬದುಕು ಸಾಹಿತ್ಯ ಚರಿತ್ರೆಯ ಮುಂದಿಡುವ ಪ್ರಶ್ನೆ.

ಶಿವರಾಂ ವೃತ್ತಿಯಿಂದ ವೈದ್ಯರು. ಬೆಂಗಳೂರಿನ ಮೆಜೆಸ್ಟಿಕ್ ಪರಿಸರದಲ್ಲಿ ಅವರ ಚಿಕಿತ್ಸಾಲಯವಿತ್ತು. ರೈಲು ನಿಲ್ದಾಣ, ಚಿತ್ರಮಂದಿರ, ಹೋಟೆಲು, ಅಂಗಡಿಗಳ ನಡುವಿನ ಆ ಪ್ರದೇಶದಲ್ಲಿ ಹಳ್ಳಿಯಿಂದ ಬಂದವರೂ ನಗರದಲ್ಲಿ ನೆಲೆನಿಂತವರೂ ಒಂದೇ ಬೀದಿಯಲ್ಲಿ ನಡೆದಾಡುತ್ತಿದ್ದರು. ವೈದ್ಯನ ಎದುರು ಕುಳಿತ ಮನುಷ್ಯ ತನ್ನ ಠೀವಿಯನ್ನು ಬಾಗಿಲಾಚೆ ಬಿಟ್ಟು ಬಂದಿರುತ್ತಾನೆ. ಅವನ ಭಯ, ಸೋಗು, ಆತ್ಮವಂಚನೆಗಳು ಅಲ್ಲಿ ಬಯಲಾಗುತ್ತವೆ. ಶಿವರಾಂ ಅವರ ಆಸಕ್ತಿ ದೇಹದಿಂದ ಮನಸ್ಸಿನ ಕಡೆಗೆ ಹೊರಳಿದುದೂ, ಅವರ ಹಾಸ್ಯ ಮನುಷ್ಯಸ್ವಭಾವದ ವಿಶ್ಲೇಷಣೆಯಾಗಿ ಬೆಳೆದುದೂ ಒಂದೇ ಮೂಲದ ಎರಡು ಕವಲುಗಳೆಂದರೆ ತಪ್ಪಾಗಲಾರದು. ಶಿವರಾಂ ಎಂಬ ಹೆಸರಿನ ಆದ್ಯಂತಾಕ್ಷರಗಳನ್ನು ಹಿಂದುಮುಂದಾಗಿಸಿದಂತೆ ತೋರುವ ‘ರಾಶಿ’ ಎಂಬ ಕಾವ್ಯನಾಮವೂ ಕಣದ ರಾಶಿಯನ್ನೂ ಜಾತಕದ ರಾಶಿಯನ್ನೂ ಒಟ್ಟಿಗೆ ನೆನಪಿಸುತ್ತದೆ. ಕಣಿ ಹೇಳುವ ಕೊರವಂಜಿಗೆ ಇದಕ್ಕಿಂತ ಒಪ್ಪುವ ಸಂಪಾದಕನಾಮ ದೊರೆಯುವುದು ಕಷ್ಟ.

ಅವರು ಪತ್ರಿಕೆಯನ್ನು ಆರಂಭಿಸುವ ವೇಳೆಗೆ ಕನ್ನಡದಲ್ಲಿ ಹಾಸ್ಯಕ್ಕೆ ಬರವೇನೂ ಇರಲಿಲ್ಲ. ಟಿ.ಪಿ. ಕೈಲಾಸಂ ಅವರ ನಾಟಕಗಳು ಬೆಂಗಳೂರು-ಮೈಸೂರುಗಳ ಮನೆಮಾತನ್ನು, ಅದರೊಳಗೆ ಬೆರೆತ ಇಂಗ್ಲಿಷಿನ ಸಮೇತ, ರಂಗದ ಮೇಲೆ ತಂದಿದ್ದವು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಬದುಕಿನೊಳಗಿನ ನಗೆಯನ್ನು ಪ್ರಬಂಧಗಳಲ್ಲಿ ಹಿಡಿದಿದ್ದರು. ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳು ಜನಪ್ರಿಯವಾಗಿದ್ದವು. ಆದರೆ ಇವೆಲ್ಲವೂ ಬಿಡಿಬಿಡಿಯಾದ ವ್ಯಕ್ತಿಪ್ರತಿಭೆಯ ಫಲಗಳು. ಪ್ರತಿ ತಿಂಗಳೂ ತಪ್ಪದೆ ಬರುವ, ಹೊಸ ಲೇಖಕನಿಗೆ ಬಾಗಿಲು ತೆರೆಯುವ, ಓದುಗರಲ್ಲಿ ವಿಡಂಬನೆಯ ಅಭಿರುಚಿಯನ್ನು ರೂಢಿಸುವ ಒಂದು ಸ್ಥಿರವಾದ ನೆಲೆ ಹಾಸ್ಯಕ್ಕೆ ಬೇಕಾಗಿತ್ತು. ಅದನ್ನು ಒದಗಿಸಿದವರು ಶಿವರಾಂ.

ಆಯ್ದುಕೊಂಡ ಕಾಲವಾದರೋ ನಗೆಗೆ ಅನುಕೂಲವಾದುದಲ್ಲ. 1942ರ ಏಪ್ರಿಲ್ ತಿಂಗಳಲ್ಲಿ ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಯುದ್ಧ ದಕ್ಷಿಣ ಭಾರತದ ಕರಾವಳಿಯನ್ನು ಮುಟ್ಟಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಆರಂಭವಾಯಿತು. ಕಾಗದ ದುರ್ಲಭವಾಗಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಯುದ್ಧಕಾಲದ ರಕ್ಷಣಾ ನಿಯಮಗಳು ಪತ್ರಿಕೆಗಳ ಕೈ ಕಟ್ಟಿದ್ದವು. ಮೈಸೂರು ಸಂಸ್ಥಾನಕ್ಕಂತೂ 1908ರ ವೃತ್ತಪತ್ರಿಕೆಗಳ ಕಾನೂನಿನ ಕಹಿ ಅನುಭವವಿತ್ತು. ಅದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ದರು. ಇಂಥ ವಾತಾವರಣದಲ್ಲಿ ಅಧಿಕಾರವನ್ನೂ ಸಮಾಜವನ್ನೂ ನೋಡಿ ನಗುವ ಪತ್ರಿಕೆಯೊಂದಕ್ಕೆ ಕೈಹಾಕುವುದು ಸಾಹಸವೇ ಸರಿ.

ಪತ್ರಿಕೆಯ ಹೆಸರಿನಲ್ಲಿಯೇ ಅದರ ಸಂಪಾದಕೀಯ ನೀತಿ ಅಡಗಿದೆ. ಕೊರವಂಜಿ ದಕ್ಷಿಣ ಭಾರತದ ಜನಪದ ರಂಗಭೂಮಿಯ ಚಿರಪರಿಚಿತ ಪಾತ್ರ. ತಮಿಳಿನಲ್ಲಿ ಹದಿನೆಂಟನೆಯ ಶತಮಾನದ ‘ತಿರುಕ್ಕುಟ್ರಾಲ ಕುರವಂಜಿ’ ಪ್ರಸಿದ್ಧವಾದುದು. ತೆಲುಗು ನಾಡಿನ ಆಟಗಳಲ್ಲಿಯೂ ಕನ್ನಡದ ಯಕ್ಷಗಾನ ಮತ್ತು ಹಾಡುಗಳಲ್ಲಿಯೂ ಈಕೆ ಕಾಣಿಸಿಕೊಳ್ಳುತ್ತಾಳೆ. ಅವಳು ಊರಿನವಳಲ್ಲ, ಬೆಟ್ಟದಿಂದ ಇಳಿದು ಬಂದವಳು. ಆದರೆ ಅರಮನೆಯ ಅಂತಃಪುರಕ್ಕೂ ಅವಳಿಗೆ ಪ್ರವೇಶವುಂಟು. ರಾಜಕುಮಾರಿಯ ಕೈ ಹಿಡಿದು, ಅವಳು ಬಚ್ಚಿಟ್ಟ ಮನಸ್ಸಿನ ಮಾತನ್ನು ಅವಳಿಗೇ ತಿಳಿಸಿ, ಸೆರಗಿನೊಳಗೆ ಒಂದಿಷ್ಟು ಧಾನ್ಯ ಹಾಕಿಸಿಕೊಂಡು ಹೊರಡುತ್ತಾಳೆ. ಅವಳ ಮಾತಿಗೆ ಯಾರೂ ಮುನಿಯುವುದಿಲ್ಲ. ವಿಡಂಬನೆಯ ಪತ್ರಿಕೆಗೆ ಇದಕ್ಕಿಂತ ಉಚಿತವಾದ ಮುಖವಾಡವನ್ನು ಕಲ್ಪಿಸುವುದು ಕಷ್ಟ. 1841ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಪಂಚ್’ ಪತ್ರಿಕೆಯೂ ಬೀದಿಯ ಬೊಂಬೆಯಾಟದ ಪಾತ್ರವೊಂದರ ಹೆಸರನ್ನು ತನ್ನದಾಗಿಸಿಕೊಂಡಿತ್ತು. ಆದರೆ ಆ ಬೊಂಬೆಯ ಕೈಯಲ್ಲಿ ದೊಣ್ಣೆ. ಕೊರವಂಜಿಯ ಕೈಯಲ್ಲಿ ಬುಟ್ಟಿ. ಶಿವರಾಂ ಹೊಡೆಯುವ ನಗೆಯನ್ನು ಬಿಟ್ಟು ಕೈ ನೋಡಿ ನಿಜ ನುಡಿಯುವ ನಗೆಯನ್ನು ಆರಿಸಿಕೊಂಡರು ಎಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ಇಂಥ ಪತ್ರಿಕೆ ನಡೆಯುವ ಬಗೆ ಎಂತಹುದು? ಆ ಕಾಲದ ಮುದ್ರಣ ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುವ ಕೆಲಸ. ವ್ಯಂಗ್ಯಚಿತ್ರ ಅಚ್ಚಾಗಬೇಕಾದರೆ ರೇಖೆಗಳನ್ನು ಸತುವಿನ ತಗಡಿನ ಮೇಲೆ ಕೊರೆಯಿಸಿ ಪಡಿಯಚ್ಚು ಮಾಡಿಸಬೇಕು. ಪ್ರತಿ ಚಿತ್ರಕ್ಕೂ ಬೇರೆ ಖರ್ಚು. ಬರಹ ಮಾತ್ರವಿರುವ ಪತ್ರಿಕೆಗೆ ಇಲ್ಲದ ಈ ಹೊರೆ ಹಾಸ್ಯಪತ್ರಿಕೆಯ ಹೆಗಲ ಮೇಲೆ ಸದಾ ಇರುತ್ತದೆ. ಚಂದಾದಾರರು ಮೈಸೂರು ಸೀಮೆಯಲ್ಲದೆ ಮುಂಬಯಿ, ಮದರಾಸು, ಹೈದರಾಬಾದುಗಳ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳಲ್ಲಿ ಚದುರಿದವರು. ಜಾಹೀರಾತು ಕೊಡುವವನಿಗೆ ನಗೆಯ ಬಗೆಗೆ ಒಂದು ಅಳುಕು ಇದ್ದೇ ಇರುತ್ತದೆ. ಇಂದು ನಗಿಸಿದವನು ನಾಳೆ ತನ್ನನ್ನೇ ನಗೆಪಾಟಲು ಮಾಡಬಹುದು.

ಇಲ್ಲಿಯೇ ಶಿವರಾಂ ಅವರ ವೈದ್ಯವೃತ್ತಿ ಪತ್ರಿಕೆಯ ಇತಿಹಾಸದ ಒಳಗಿನ ಸಂಗತಿಯಾಗುತ್ತದೆ. ಅವರ ಜೀವನೋಪಾಯ ಪತ್ರಿಕೆಯಾಗಿರಲಿಲ್ಲ, ಚಿಕಿತ್ಸಾಲಯವಾಗಿತ್ತು. ಪತ್ರಿಕೆಯಿಂದ ಬದುಕಬೇಕಾದ ಸಂಪಾದಕ ಓದುಗನನ್ನೂ ಜಾಹೀರಾತುದಾರನನ್ನೂ ಅಧಿಕಾರಿಯನ್ನೂ ಏಕಕಾಲದಲ್ಲಿ ಓಲೈಸಬೇಕಾಗುತ್ತದೆ. ಬೇರೆಡೆಯಿಂದ ಅನ್ನ ದೊರೆಯುವ ಸಂಪಾದಕನಿಗೆ ಆ ಹಂಗಿಲ್ಲ. ಕೊರವಂಜಿಯ ನಗೆಯಲ್ಲಿ ಕಾಣುವ ನಿರಾಳತೆಗೆ ಸಂಪಾದಕರ ಸ್ವಭಾವ ಎಷ್ಟು ಕಾರಣವೋ ಈ ಆರ್ಥಿಕ ಸ್ವಾತಂತ್ರ್ಯವೂ ಅಷ್ಟೇ ಕಾರಣ. ಆದರೆ ಇದೇ ಸ್ವಾತಂತ್ರ್ಯ ಪತ್ರಿಕೆಯನ್ನು ಒಬ್ಬ ವ್ಯಕ್ತಿಯ ಆರೋಗ್ಯ, ಬಿಡುವು, ಉತ್ಸಾಹಗಳಿಗೆ ಕಟ್ಟಿಹಾಕಿತು ಎಂಬುದನ್ನೂ ಮರೆಯುವಂತಿಲ್ಲ.

ಮಾಸಪತ್ರಿಕೆಯೆಂಬ ಸಂಗತಿಯೂ ಅದರ ಬರವಣಿಗೆಯ ರೀತಿಯನ್ನು ನಿರ್ಧರಿಸಿತು. ದಿನಪತ್ರಿಕೆಯ ವ್ಯಂಗ್ಯ ಬೆಳಗಿನ ಸುದ್ದಿಯನ್ನು ನಂಬಿ ನಿಲ್ಲಬಲ್ಲದು. ತಿಂಗಳಿಗೊಮ್ಮೆ ಬರುವ ಪತ್ರಿಕೆ ಓದುಗನ ಕೈ ಸೇರುವ ವೇಳೆಗೆ ಸುದ್ದಿ ಹಳಸಿರುತ್ತದೆ; ಮಂತ್ರಿಯ ಮಾತು ಮರೆತುಹೋಗಿರುತ್ತದೆ. ಆದ್ದರಿಂದ ವಿಡಂಬನೆ ಘಟನೆಯಿಂದ ಚಾಳಿಗೆ, ವ್ಯಕ್ತಿಯಿಂದ ಮಾದರಿಗೆ ಸರಿಯಬೇಕಾಗುತ್ತದೆ. ಇಂಥ ಅಧಿಕಾರಿ ಹೀಗೆಂದನೆಂಬುದಕ್ಕಿಂತ ಅಧಿಕಾರವೆಂಬುದು ಮಾತನ್ನು ಹೇಗೆ ತಿರುಚುತ್ತದೆ ಎಂಬುದು ಅದರ ವಸ್ತುವಾಗುತ್ತದೆ. ಹರಟೆ, ನಗೆಹನಿ, ಅಣಕವಾಡು, ಕಿರುನಾಟಕ, ವ್ಯಂಗ್ಯಚಿತ್ರ ಮೊದಲಾದ ಪ್ರಕಾರಗಳು ಈ ಅಗತ್ಯಕ್ಕೆ ಒದಗಿಬಂದವು.

ಇದಕ್ಕೆ ಉತ್ತಮ ನಿದರ್ಶನ ನಾ. ಕಸ್ತೂರಿಯವರ ‘ಅನರ್ಥಕೋಶ’. ಕೊರವಂಜಿಯ ಪುಟಗಳಲ್ಲಿ ಬೆಳೆದು ಅನಂತರ ಗ್ರಂಥರೂಪ ತಳೆದ ಈ ಕೋಶ ಪರಿಚಿತ ಪದಗಳನ್ನು ಅನಿರೀಕ್ಷಿತವಾಗಿ ಬಿಡಿಸಿ ಹೊಸ ಅರ್ಥ ಹಚ್ಚುತ್ತದೆ. ಅಮೆರಿಕೆಯ ಆಂಬ್ರೋಸ್ ಬಿಯರ್ಸ್ ಪತ್ರಿಕೆಗಳಿಗೆ ಬರೆಯುತ್ತ ಬೆಳೆಸಿ 1911ರಲ್ಲಿ ‘ಸೈತಾನನ ನಿಘಂಟು’ ಎಂಬ ಹೆಸರಿನಿಂದ ಪ್ರಕಟಿಸಿದ ಕೃತಿಯನ್ನು ಇದು ನೆನಪಿಗೆ ತರುತ್ತದೆ. ಆದರೆ ಬಿಯರ್ಸನ ನಗೆ ಅರ್ಥದ ಕಹಿಯಿಂದ ಹುಟ್ಟಿದುದಾದರೆ, ಕಸ್ತೂರಿಯವರ ನಗೆ ಶಬ್ದದ ಒಡಲಿನಿಂದಲೇ, ಕನ್ನಡದ ಸಂಧಿ-ಸಮಾಸಗಳ ಸಾಧ್ಯತೆಗಳಿಂದಲೇ ಹುಟ್ಟಿದುದು. ಕಸ್ತೂರಿಯವರ ಮಾತೃಭಾಷೆ ಮಲಯಾಳಂ. ಕೇರಳದಿಂದ ಮೈಸೂರಿಗೆ ಬಂದು, ಇತಿಹಾಸದ ಅಧ್ಯಾಪಕರಾಗಿ, ಕನ್ನಡವನ್ನು ಕಲಿತು ಒಲಿಸಿಕೊಂಡವರು. ಹೊರಗಿನಿಂದ ಬಂದವನ ಕಿವಿಗೆ ಭಾಷೆಯ ವಿಚಿತ್ರಗಳು ಬೇಗ ಕೇಳಿಸುತ್ತವೆ. ಬೆಟ್ಟದಿಂದಿಳಿದ ಕೊರವಂಜಿಯ ದೃಷ್ಟಿಯೂ ಇಂತಹುದೇ. ಮುಂದೆ ಅವರು ಆಂಧ್ರದ ಪುಟ್ಟಪರ್ತಿಯಲ್ಲಿ ನೆಲೆಸಿ ಅಧ್ಯಾತ್ಮಪರವಾದ ಬರವಣಿಗೆಗೆ ತೊಡಗಿದರು.

ಟಿ. ಸುನಂದಮ್ಮನವರ ಬರವಣಿಗೆಗೆ ಕೊರವಂಜಿ ಒದಗಿಸಿದ ನೆಲೆ ಇನ್ನೊಂದು ಕಾರಣಕ್ಕೆ ಮಹತ್ವದ್ದು. ಹೆಣ್ಣು ಹಾಸ್ಯದ ವಸ್ತುವಾಗಿದ್ದ ಕಾಲದಲ್ಲಿ ಅವಳು ಹಾಸ್ಯದ ಕರ್ತೃವಾಗಿ ಕಾಣಿಸಿಕೊಂಡಳು. ಅಡುಗೆಮನೆ, ಅತಿಥಿ ಸತ್ಕಾರ, ಗಂಡನ ದರ್ಪ ಮೊದಲಾದವು ಒಳಗಿನಿಂದ ಕಂಡಾಗ ತೋರುವ ರೂಪವೇ ಬೇರೆ. ಅವರೇ 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘದ ಮೊದಲ ಅಧ್ಯಕ್ಷರಾದರು ಎಂಬುದನ್ನು ನೆನೆದರೆ, ಹಾಸ್ಯಪತ್ರಿಕೆಯ ಪುಟವೊಂದು ಎಷ್ಟು ದೂರದ ಫಲ ಕೊಡಬಲ್ಲದು ಎಂಬುದು ತಿಳಿಯುತ್ತದೆ. ಆರ್.ಕೆ. ಲಕ್ಷ್ಮಣ್ ಅವರು ಮೈಸೂರಿನಲ್ಲಿದ್ದ ತಾರುಣ್ಯದ ದಿನಗಳಲ್ಲಿ ಕೊರವಂಜಿಗಾಗಿ ಚಿತ್ರಗಳನ್ನು ಬರೆದರು; ಶಿವರಾಂ ಅವರಿಗೆ ಪ್ರೋತ್ಸಾಹವಿತ್ತರು. ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದ ಮೂಲಕ ಅವರ ಸಾಮಾನ್ಯ ಮನುಷ್ಯ ದೇಶಕ್ಕೆಲ್ಲ ಪರಿಚಿತನಾಗುವುದಕ್ಕೆ ಮುನ್ನ ಆ ಕೈಬರಹಕ್ಕೆ ಕನ್ನಡದ ಓದುಗರು ನಕ್ಕಿದ್ದರು.

ಲಂಡನ್ನಿನ ಪಂಚ್ ಪತ್ರಿಕೆಯ ಬರಹಗಾರರು ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಊಟಕ್ಕೆ ಕುಳಿತು ಆ ವಾರದ ದೊಡ್ಡ ಚಿತ್ರ ಯಾವುದಿರಬೇಕೆಂದು ಚರ್ಚಿಸಿ ನಿರ್ಧರಿಸುತ್ತಿದ್ದರು. ಅದೊಂದು ವೃತ್ತಿಪರ ಮಂಡಲಿ. ಕೊರವಂಜಿಯ ಬಳಗದಲ್ಲಿ ಅಧ್ಯಾಪಕರಿದ್ದರು, ಗೃಹಿಣಿಯಿದ್ದರು, ವಿದ್ಯಾರ್ಥಿಗಳಿದ್ದರು. ಬರವಣಿಗೆ ಅವರ ಹೊಟ್ಟೆಪಾಡಾಗಿರಲಿಲ್ಲ. ಇಂಥ ಚದುರಿದ ಪ್ರತಿಭೆಗಳಿಂದ ಒಂದೇ ದನಿಯನ್ನು ಹೊರಡಿಸುವುದು ಸಂಪಾದಕನ ಕೆಲಸ. ಲೇಖಕರು ಬೇರೆ ಬೇರೆಯಾದರೂ ಮಾತನಾಡುವವಳು ಕೊರವಂಜಿಯೇ ಎಂಬ ಭಾವನೆ ಓದುಗರಲ್ಲಿ ಬೇರೂರಿತು. ಶಿವರಾಂ ಅವರ ಕರ್ತೃತ್ವ ಇರುವುದು ಈ ದನಿಯ ನಿರ್ಮಾಣದಲ್ಲಿ.

ಈ ದನಿಗೆ ತನ್ನದೇ ಆದ ಮಿತಿಯೂ ಇತ್ತು. ಅದರ ಲೋಕ ಬಹುಮಟ್ಟಿಗೆ ಹಳೆಯ ಮೈಸೂರಿನ ವಿದ್ಯಾವಂತ ಮಧ್ಯಮವರ್ಗದ ಲೋಕ. ಅದರ ನಗೆಯಲ್ಲಿ ಸೌಜನ್ಯ ಮಿಗಿಲು, ಕೋಪ ಕಡಿಮೆ. ಜಾತಿಯ ಕ್ರೌರ್ಯ, ಭೂಮಿಯ ಹಸಿವು ಮೊದಲಾದ ವಸ್ತುಗಳು ಅಂಥ ನಗೆಗೆ ಸುಲಭವಾಗಿ ದಕ್ಕುವಂಥವಲ್ಲ. ಪಿ. ಲಂಕೇಶ್ ಅವರು 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತುಗಳನ್ನು ದೂರವಿಟ್ಟು, ಓದುಗರ ಕಾಸನ್ನೇ ನಂಬಿ, ಹೆಸರು ಹಿಡಿದು ಕೆಣಕುವ ವಿಡಂಬನೆಯನ್ನು ರೂಢಿಸಿತು. ಎರಡೂ ಪತ್ರಿಕೆಗಳು ಸ್ವಾತಂತ್ರ್ಯವನ್ನು ಗಳಿಸಿದ ದಾರಿಗಳು ಬೇರೆ. ಆದುದರಿಂದಲೇ ಅವುಗಳ ನಗೆಯೂ ಬೇರೆ. ಒಂದನ್ನು ಹೊಗಳಲು ಮತ್ತೊಂದನ್ನು ತೆಗಳುವುದು ವಿಮರ್ಶೆಯಾಗದು.

1967ರಲ್ಲಿ, ಕಾಲು ಶತಮಾನ ತುಂಬಿದಾಗ, ಕೊರವಂಜಿ ನಿಂತಿತು. ದೆಹಲಿಯಿಂದ 1948ರಲ್ಲಿ ಹೊರಟ ‘ಶಂಕರ್ಸ್ ವೀಕ್ಲಿ’ 1975ರಲ್ಲಿ ನಿಂತಿತು. ಪಂಚ್ ಕೂಡ 1992ರಲ್ಲಿ ನಿಂತು, 1996ರಲ್ಲಿ ಮರುಹುಟ್ಟು ಪಡೆದು, 2002ರಲ್ಲಿ ಕೊನೆಗೊಂಡಿತು. ನಗೆಪತ್ರಿಕೆಗಳಿಗೆ ಆಯುಸ್ಸು ಸುಲಭವಾಗಿ ಸಿಗುವುದಿಲ್ಲ. ಒಬ್ಬ ವೈದ್ಯರು ತಮ್ಮ ವೃತ್ತಿಯ ಜೊತೆಗೆ ಇಪ್ಪತ್ತೈದು ವರ್ಷ ಇದನ್ನು ನಡೆಸಿದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಪತ್ರಿಕೆ ನಿಂತ ಮೇಲೂ ಶಿವರಾಂ ಅವರ ಲೇಖನಿ ನಿಲ್ಲಲಿಲ್ಲ. ‘ತುಟಿ ಮೀರಿದ್ದು’, ‘ಕೊರವಂಜಿಯ ಪಡುವಣ ಯಾತ್ರೆ’ ಮೊದಲಾದ ಕೃತಿಗಳ ಹಾಸ್ಯಗಾರನಾಗಿ ಪರಿಚಿತರಾಗಿದ್ದ ಅವರು ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ವಿವರಿಸುವ ‘ಮನಮಂಥನ’ಕ್ಕಾಗಿ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು. ಹಾಸ್ಯಕ್ಕೆ ದೊರೆಯದ ರಾಷ್ಟ್ರೀಯ ಮನ್ನಣೆ ಶಾಸ್ತ್ರಗ್ರಂಥಕ್ಕೆ ದೊರೆಯಿತು. ಸಂಪಾದಕನ ಶ್ರಮಕ್ಕೆ ಕೊಡುವ ಪ್ರಶಸ್ತಿಯಾದರೋ ಇರಲೇ ಇಲ್ಲ. 1983ರಲ್ಲಿ ಕೊರವಂಜಿಯ ಪರಂಪರೆಯನ್ನು ಮುಂದುವರಿಸಲು ‘ಅಪರಂಜಿ’ ಆರಂಭವಾಯಿತು. ಮರುವರ್ಷ, 1984ರಲ್ಲಿ, ಶಿವರಾಂ ನಿಧನರಾದರು.

ಪುಸ್ತಕವಾಗಿ ಬಂದ ಬರಹ ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತದೆ. ಮಾಸಪತ್ರಿಕೆಯ ಸಂಚಿಕೆ ಓದಿದವರ ಮನೆಯ ಅಟ್ಟದಲ್ಲಿ ಸವೆಯುತ್ತದೆ. ಹೀಗಾಗಿ ಕೊರವಂಜಿಯ ಲೇಖಕರ ಹೆಸರುಗಳು ಅವರವರ ಗ್ರಂಥಗಳ ಜೊತೆಗೆ ಉಳಿದವು. ಅವರನ್ನು ಒಂದೆಡೆ ತಂದ ಶ್ರಮ ಮಾತ್ರ ಕಣ್ಮರೆಯಾಗುತ್ತ ಬಂದಿತು. ಕಣಿ ಹೇಳಿದವಳನ್ನು ರಾಜಕುಮಾರಿ ಮದುವೆಯ ದಿನ ನೆನೆಯುವುದಿಲ್ಲ. ಕನ್ನಡ ಅಧ್ಯಯನ ಆ ತಪ್ಪನ್ನು ಮಾಡಬಾರದು. ಇಪ್ಪತ್ತೈದು ಸಂಪುಟಗಳ ಕೊರವಂಜಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕೃತಿಯೆಂಬಂತೆ ಓದುವ ಸಂಶೋಧಕನಿಗೆ ಯುದ್ಧಕಾಲದಿಂದ ಏಕೀಕರಣದವರೆಗೆ, ಅಲ್ಲಿಂದ ಅರವತ್ತರ ದಶಕದವರೆಗೆ ಕನ್ನಡ ಸಮಾಜ ಯಾವುದಕ್ಕೆ ನಾಚಿತು, ಯಾವುದಕ್ಕೆ ಅಂಜಿತು, ಯಾವುದನ್ನು ನಕ್ಕು ಗೆದ್ದಿತು ಎಂಬುದು ಗೋಚರಿಸುತ್ತದೆ. ರಾಶಿಯವರಿಗೆ ಸಲ್ಲಬೇಕಾದ ಗೌರವ ಆ ಓದಿನಿಂದಲೇ ಸಲ್ಲಬೇಕಾಗಿದೆ.